ಒಂದೇ ತಂತಿ, ಮೂರು ಜಾಲ

1
ಜೆಮ್5 ಒಂದು ಸಿಮ್ಯುಲೇಟರ್. ಇನ್ನೂ ಹುಟ್ಟದ ಕಂಪ್ಯೂಟರನ್ನು ಮೇಜಿನ ಮೇಲಿನ ಕಂಪ್ಯೂಟರಿನಲ್ಲಿ ಓಡಿಸಿ ನೋಡುತ್ತದೆ. ಮಿಶಿಗನ್‌ನ ಎಂ5, ವಿಸ್ಕಾನ್ಸಿನ್‌ನ ಜೆಮ್ಸ್ ಕೂಡಿ ಆದದ್ದು. ಪ್ರಬಂಧ ಬಂದದ್ದು 2011ರಲ್ಲಿ. ಕ್ಯಾಶ್‌ಗಳ ಲೆಕ್ಕ ನೋಡುವ ಭಾಗ ರೂಬಿ. ಅವನ್ನು ಜೋಡಿಸುವ ಜಾಲದ ಒಂದು ಮಾದರಿ ಗಾರ್ನೆಟ್.

2
ಕ್ಯಾಶ್‌ಗಳ ನಡುವೆ ಹೊಂದಾಣಿಕೆ ಇಡುವ ನಿಯಮಾವಳಿ ಪ್ರೋಟೊಕಾಲ್. ಕಲಿಯುವವರಿಗೆಂದು ಜೆಮ್5 ಕೊಟ್ಟ ಎಂಎಸ್‌ಐ ಪ್ರೋಟೊಕಾಲ್‌ಗೆ ವರ್ಚುವಲ್ ನೆಟ್‌ವರ್ಕ್, ಅಂದರೆ ಜಾಲ, ಮೂರು. 0ರಲ್ಲಿ ಕೋರಿಕೆ. 1ರಲ್ಲಿ ಡೈರೆಕ್ಟರಿ (ಯಾವ ಲೈನ್ ಯಾವ ಕ್ಯಾಶ್‌ನಲ್ಲಿದೆ ಎಂದು ನೆನಪಿಡುವ ಭಾಗ) ಮುಂದಕ್ಕೆ ಕಳಿಸುವ ಸಂದೇಶ. 2ರಲ್ಲಿ ಉತ್ತರ.

3
ಕ್ಯಾಶ್‌ಗೆ ಒಂದು ಫೈಲು, ಡೈರೆಕ್ಟರಿಗೆ ಇನ್ನೊಂದು. ಉತ್ತರದ ಜಾಲ ಅಲ್ಲಿ 2 ಎಂದಿದ್ದರೆ ಇಲ್ಲೂ 2 ಇರಬೇಕು. ಪೈಥಾನ್ ಫೈಲಿನಲ್ಲಿ ಬರೆಯುವುದು ಜಾಲಗಳ ಒಟ್ಟು ಎಣಿಕೆ, 3.

4
ಮೂರಕ್ಕೂ ತಂತಿ ಒಂದೇ. ಒಂದು ಸೈಕಲ್‌ಗೆ ಒಂದು ಫ್ಲಿಟ್ (ಸಂದೇಶದ ತುಂಡು) ದಾಟುತ್ತದೆ, ಯಾವ ಜಾಲದ್ದೇ ಆಗಲಿ. ಬೇರೆಯಾಗಿರುವುದು ಕಾಯುವ ಜಾಗ, ಅಂದರೆ ಬಫರ್.

5
ಸ್ಟ್ಯಾನ್‌ಫರ್ಡ್‌ನ ಡ್ಯಾಶ್ ಯಂತ್ರದಲ್ಲಿ ಕೋರಿಕೆಗೆ ಒಂದು ಮೆಶ್, ಉತ್ತರಕ್ಕೆ ಇನ್ನೊಂದು. ತಂತಿಯೇ ಬೇರೆ. ಅದರ ಪ್ರಬಂಧ ಅಚ್ಚಾದದ್ದು 1992ರಲ್ಲಿ. ಒಂದೇ ತಂತಿಗೆ ಹಲವು ಬಫರ್ ಇಡುವ ಬಗೆ ಕುರಿತು ವಿಲಿಯಂ ಡ್ಯಾಲಿಯವರ ಪ್ರಬಂಧವೂ ಅದೇ ವರ್ಷದ್ದು.

6
ಡೈರೆಕ್ಟರಿ ಒಂದು ಉತ್ತರಕ್ಕೆ ಕಾಯುತ್ತಿದೆ. ಅದು ಬರುವ ತನಕ ಹೊಸ ಕೋರಿಕೆ ಮುಟ್ಟುವುದಿಲ್ಲ. ಜಾಲ ಒಂದೇ ಆದರೆ ಉತ್ತರ ಆ ಕೋರಿಕೆಯ ಹಿಂದೆ ನಿಂತಿರುತ್ತದೆ. ಎರಡೂ ಕಾಯುತ್ತಲೇ ಇರುತ್ತವೆ, ಇದೇ ಡೆಡ್‌ಲಾಕ್. ನಿಯಮ ಮುರಿದವರು ಯಾರೂ ಇಲ್ಲ.

7
ಒಂದು ಜಾಲದೊಳಗೆ ಹಲವು ಚಾನೆಲ್. ರೌಟರಿನಿಂದ ರೌಟರಿಗೆ ಹೋಗುವಾಗ ಸಂದೇಶ ಚಾನೆಲ್ ಬದಲಿಸಬಹುದು. ಜಾಲ ಬದಲಿಸುವಂತಿಲ್ಲ.

8
ಜಾಲದ ಬಗೆ ‘ರೆಸ್ಪಾನ್ಸ್’ ಎಂದು ಬರೆದಿದ್ದರೆ ಗಾರ್ನೆಟ್ ಅದನ್ನು ಡೇಟಾ ಜಾಲವೆಂದು ಎಣಿಸುತ್ತದೆ. ನಾವು ಬದಲಿಸದಿದ್ದರೆ ಚಾನೆಲ್‌ಗೆ 4 ಬಫರ್. ಬೇರೆ ಏನು ಬರೆದರೂ 1.

9
ಕ್ಯಾಶ್ ಲೈನ್ 64 ಬೈಟ್, ವಿಳಾಸ ಮೊದಲಾದವು 8 ಬೈಟ್. 16 ಬೈಟ್‌ನ ಫ್ಲಿಟ್‌ಗಳಾಗಿ ತುಂಡರಿಸಿದರೆ 5. ಬಫರ್ 4. ತಲೆ ನಿಂತರೆ ಬಾಲ ಹಿಂದಿನ ರೌಟರಿನಲ್ಲಿ.

10
ರೂಬಿಯಲ್ಲಿ ಇನ್ನೊಂದು ಸರಳ ಜಾಲವಿದೆ. ಅಲ್ಲಿ ಬಫರ್ ಗಾತ್ರ 0 ಎಂದರೆ ಮಿತಿಯಿಲ್ಲ. ನಾವು ಬದಲಿಸದಿದ್ದರೆ 0 ಇರುತ್ತದೆ. ಜಾಗ ಸಾಲದೆ ಹುಟ್ಟುವ ಡೆಡ್‌ಲಾಕ್ ಇಲ್ಲಿ ಕಾಣಿಸಿಕೊಳ್ಳುವುದಿಲ್ಲ.

11
ಆ ಸರಳ ಜಾಲದ ಸ್ವಿಚ್ ದೊಡ್ಡ ಸಂಖ್ಯೆಯ ಜಾಲವನ್ನು ಮೊದಲು ನೋಡುತ್ತದೆ. ಕೆಲಸಕ್ಕೆಂದು 128 ಸಲ ಎದ್ದ ಮೇಲೆ ಒಮ್ಮೆ ಕ್ರಮ ತಿರುಗುತ್ತದೆ. 0ಕ್ಕೂ ಸರದಿ ಬರಬೇಕು.

12
ಗಾರ್ನೆಟ್‌ನ ತಾಳ್ಮೆಯ ಮಿತಿ 50,000 ಸೈಕಲ್. ಅಷ್ಟರೊಳಗೆ ಒಂದು ಜಾಲದಲ್ಲಿ ಖಾಲಿ ಚಾನೆಲ್ ಸಿಗದಿದ್ದರೆ ಅದು ಜಾಲದ ಸಂಖ್ಯೆ ಹೇಳಿ ಓಟ ನಿಲ್ಲಿಸುತ್ತದೆ. ಉಳಿದ ಎರಡು ಜಾಲಗಳ ಬಫರ್‌ಗಳು ಆಗಲೂ ಖಾಲಿ ಇರಬಹುದು.