ಮೂರಕ್ಷರದ ಊರು ಚಚಡಿ

ಬೆಳಗಾವಿ ಜಿಲ್ಲೆಯ ಸವದತ್ತಿ ಸೀಮೆಯಲ್ಲಿ, ಎರೆನೆಲದ ಹೊಲಗಳ ನಡುವೆ ಚಚಡಿ ಎಂಬ ಊರಿದೆ. ಜೋಳ, ಹತ್ತಿ, ಕಡಲೆಗಳ ಬಯಲುನಾಡು ಅದು. ದೇಸಾಯರ ವಾಡೆಯಿಂದ ಸುತ್ತಲಿನವರಿಗೆ ಪರಿಚಿತವಾದ ಊರು. ಕಿತ್ತೂರು, ಬೈಲಹೊಂಗಲ, ಸವದತ್ತಿಗಳ ಕೀರ್ತಿಯನ್ನು ಅರಸಿ ಬರುವ ಯಾತ್ರಿಕರಲ್ಲಿ ಹಲವರು ಈ ಊರಿನ ಹೆಸರನ್ನು ಮೊದಲು ಕೇಳುವುದಿಲ್ಲ, ಓದುತ್ತಾರೆ. ಬಸ್ಸಿನ ಹಣೆಯ ಮೇಲೆ, ಇಲ್ಲವೆ ಹಾದಿಬದಿಯ ಫಲಕದ ಮೇಲೆ. ಊರನ್ನು ಕಾಣುವ ಮುನ್ನ ಊರಿನ ಅಕ್ಷರಗಳನ್ನು ಕಾಣುವುದು ಪ್ರಯಾಣದ ರೂಢಿ. ಆದುದರಿಂದ ಆ ಅಕ್ಷರಗಳ ರೂಪವನ್ನೇ ಒಂದು ಗಳಿಗೆ ನಿಂತು ನೋಡುವುದು ಅನುಚಿತವಾಗಲಾರದು.

ಚಚಡಿ ಎಂದರೆ ಮೂರೇ ಅಕ್ಷರ, ಒಂದೂ ಒತ್ತಕ್ಷರವಿಲ್ಲ. ಅಕ್ಕಪಕ್ಕದ ಊರುಗಳಿಗೆ ಈ ಭಾಗ್ಯವಿಲ್ಲ. ಸವದತ್ತಿ, ಕಿತ್ತೂರುಗಳಿಗೆ ತಕಾರದ ಒತ್ತು, ಯರಗಟ್ಟಿಗೆ ಟಕಾರದ್ದು, ಮುನವಳ್ಳಿಗೆ ಳಕಾರದ್ದು. ಬೈಲಹೊಂಗಲದಲ್ಲಿ ಒತ್ತಿಲ್ಲದಿದ್ದರೂ ಐತ್ವದ ಬಾಲ ಸಾಲಿನ ಕೆಳಗೆ ಇಳಿಯುತ್ತದೆ. ರಾಮದುರ್ಗದ ಅರ್ಕಾವೊತ್ತು ಬದಿಯಲ್ಲಿ ನಿಂತು ಅಗಲವನ್ನು ಬೇಡುತ್ತದೆ. ಒತ್ತು ಬಂದಲ್ಲಿ ಫಲಕದ ಎತ್ತರದ ಒಂದು ಪಾಲು ಅದಕ್ಕೆ ಸಲ್ಲಬೇಕು. ಮೇಲಿನ ಅಕ್ಷರ ಅಷ್ಟರಮಟ್ಟಿಗೆ ಕುಗ್ಗಬೇಕು. ಚಚಡಿಯಾದರೋ ಪಟ್ಟಿಯ ಎತ್ತರವನ್ನೆಲ್ಲ ತಾನೇ ತುಂಬಿಕೊಂಡು ನಿಲ್ಲಬಲ್ಲದು.

ಆದರೆ ಸುಲಭವಾಗಿ ಕಂಡ ಈ ಹೆಸರಿನಲ್ಲಿಯೇ ಒಂದು ಅಪಾಯ ಅಡಗಿದೆ. ಚಕಾರಕ್ಕೆ ಛಕಾರವೆಂಬ ಜೋಡಿಯುಂಟು, ಡಕಾರಕ್ಕೆ ಢಕಾರವುಂಟು. ಅಲ್ಪಪ್ರಾಣಕ್ಕೂ ಮಹಾಪ್ರಾಣಕ್ಕೂ ನಡುವೆ ಇರುವ ಭೇದ ಅಕ್ಷರದ ಬುಡದಲ್ಲಿ ಹಾಕುವ ಒಂದು ಸಣ್ಣ ಗೀಟು. ಶಾಲೆಯ ಮಾತಿನಲ್ಲಿ ಹೇಳುವುದಾದರೆ ‘ಹೊಟ್ಟೆ ಸೀಳುವುದು’. ಗೆರೆಗಳನ್ನು ದಪ್ಪ ಮಾಡಿ, ಅಕ್ಷರವನ್ನು ಎರಡು ಬದಿಯಿಂದಲೂ ಒತ್ತಿದರೆ ಒಳಗಿನ ಬಯಲು ಬತ್ತಿಹೋಗುತ್ತದೆ. ಆಗ ಸೀಳಿದ ಹೊಟ್ಟೆ ಯಾವುದು, ಸೀಳದ ಹೊಟ್ಟೆ ಯಾವುದು ಎಂಬುದು ದೂರದಿಂದ ತಿಳಿಯದು. ಚಚಡಿಯ ಮೂರು ಅಕ್ಷರಗಳೂ ಇದೇ ಪರೀಕ್ಷೆಗೆ ಒಳಗಾಗತಕ್ಕವು.

ಇಕ್ಕಟ್ಟಿನ ಜಾಗದಲ್ಲಿ ಎದ್ದು ಕಾಣುವಂತೆ ಅಕ್ಷರ ಮೂಡಿಸುವ ತೊಡಕು ಕನ್ನಡಕ್ಕೆ ಮಾತ್ರ ಬಂದುದಲ್ಲ. ೧೮೪೫ರಲ್ಲಿ ಲಂಡನ್ನಿನ ಫ್ಯಾನ್ ಸ್ಟ್ರೀಟ್ ಅಚ್ಚುಮೊಳೆಯ ಕಾರ್ಖಾನೆಯಿಂದ ರಾಬರ್ಟ್ ಬೆಸ್ಲಿ ಎಂಬಾತನು ‘ಕ್ಲಾರೆಂಡನ್’ ಎಂಬ ಹೊಸ ಮೊಳೆಯನ್ನು ಹೊರತಂದನು. ಅದನ್ನು ಕೊರೆದವನು ಬೆಂಜಮಿನ್ ಫಾಕ್ಸ್. ದಪ್ಪನಾದ ಗೆರೆ, ತುಸು ಕಿರಿದಾದ ಮೈ, ಗೆರೆಗಳ ತುದಿಯಲ್ಲಿ ಪಾದದಂತೆ ಚಾಚಿದ ಪಟ್ಟಿಗಳು. ಈ ಪಟ್ಟಿಗಳನ್ನೇ ಮುದ್ರಕರು ಸೆರಿಫ್ ಎನ್ನುತ್ತಾರೆ. ನಿಘಂಟಿನ ಪುಟದಲ್ಲಿ ಪದವೊಂದನ್ನು ಅದರ ಅರ್ಥದಿಂದ ಬೇರ್ಪಡಿಸಿ ತೋರಿಸಲು, ಭಿತ್ತಿಪತ್ರದ ತಲೆಬರಹವನ್ನು ಒಂದೇ ಸಾಲಿನಲ್ಲಿ ಹಿಡಿಸಲು ಅದು ಬಹಳ ಒದಗಿತು. ಕಾನೂನಿನ ರಕ್ಷಣೆ ದೊರೆತುದು ಮೂರೇ ವರ್ಷ. ಅದು ಮುಗಿದೊಡನೆ ಇತರ ಕಾರ್ಖಾನೆಗಳವರು ಅನುಕರಿಸತೊಡಗಿದರು.

ರೋಮನ್ ಲಿಪಿಗೆ ಈ ಉಪಾಯ ಒಗ್ಗಿತು. ಅದರ ಅನೇಕ ಅಕ್ಷರಗಳಿಗೆ ನೆಟ್ಟನೆಯ ಕಂಬಗಳೇ ಆಧಾರ. ಕಂಬಗಳನ್ನು ಹತ್ತಿರ ಸರಿಸಿದರೂ ಮನೆ ಮನೆಯಾಗಿಯೇ ಉಳಿಯುತ್ತದೆ. ಕನ್ನಡದ ಅಕ್ಷರ ಕಂಬದ ಮನೆಯಲ್ಲ, ಗಡಿಗೆಯಂಥದು. ಗಡಿಗೆಯನ್ನು ಅಮುಕಿದರೆ ಅದರ ಸ್ವರೂಪವೇ ಕೆಡುತ್ತದೆ.

ಕನ್ನಡದ ಮುದ್ರಣದವರು ಈ ಗುಣವನ್ನು ಅರಿತೇ ನಡೆದರು. ೧೮೪೩ರ ಜುಲೈ ೧ರಂದು ಹರ್ಮನ್ ಮೋಗ್ಲಿಂಗ್ ಅವರ ಸಂಪಾದಕತ್ವದಲ್ಲಿ ಹೊರಟ ‘ಮಂಗಳೂರ ಸಮಾಚಾರ’ ಕಲ್ಲಚ್ಚಿನ ಪತ್ರಿಕೆ; ಕೈಬರಹವೇ ಕಲ್ಲಿನ ಮೇಲೆ ಇಳಿದುದರಿಂದ ಅಕ್ಷರ ತನಗೆ ಬೇಕಾದಷ್ಟು ಅಗಲವನ್ನು ಪಡೆಯುತ್ತಿತ್ತು. ಮೊಳೆ ಬಂದ ಮೇಲೆ ಆ ಸ್ವಾತಂತ್ರ್ಯ ಹೋಯಿತು. ಒತ್ತುಗಳಿಗೆ ಬೇರೆ ಮೊಳೆ, ಸಾಲುಗಳ ನಡುವೆ ಹೆಚ್ಚಿನ ತೆರಪು ಬೇಕಾಯಿತು. ಧಾರವಾಡದಲ್ಲಿಯೂ ನೆಲೆಸಿ ದುಡಿದ ಫರ್ಡಿನೆಂಡ್ ಕಿಟೆಲ್ ಅವರ, ಸುಮಾರು ೭೦,೦೦೦ ಪದಗಳ ಕನ್ನಡ–ಇಂಗ್ಲಿಷ್ ನಿಘಂಟು ೧೮೯೪ರಲ್ಲಿ ಮಂಗಳೂರಿನಿಂದ ಪ್ರಕಟವಾದಾಗ ಈ ಎರಡು ಸ್ವಭಾವದ ಲಿಪಿಗಳು ಒಂದೇ ಪುಟದಲ್ಲಿ ಸಂಸಾರ ನಡೆಸಬೇಕಾಯಿತು.

ಫಲಕ ಬರೆಯುವ ಕುಂಚದ ಕಲಾವಿದರಿಗೆ ಮೊಳೆಯ ಕಟ್ಟುಪಾಡಿಲ್ಲ. ಜಾಗ ಕಿರಿದಾದರೆ ಅವರು ತಲೆಕಟ್ಟನ್ನು ಗಿಡ್ಡ ಮಾಡುತ್ತಾರೆ, ಗುಡಿಸನ್ನು ಬಿಗಿಯುತ್ತಾರೆ, ಒತ್ತನ್ನು ಅಕ್ಷರದ ಮಡಿಲಿಗೆ ಸೇರಿಸುತ್ತಾರೆ. ಹೊಟ್ಟೆಯೊಳಗಿನ ಬೆಳಕನ್ನು ಮಾತ್ರ ಬಿಟ್ಟುಕೊಡುವುದಿಲ್ಲ. ಗಣಕಯಂತ್ರದ ಮುಂದೆ ಕುಳಿತು ಫ್ಲೆಕ್ಸ್ ಸಿದ್ಧಪಡಿಸುವ ಅವಸರದಲ್ಲಿ ಈ ವಿವೇಕ ಮರೆಯಾಗುವುದುಂಟು. ಅಗಲವಾದ ಅಕ್ಷರವನ್ನು ಯಂತ್ರದಿಂದ ಬದಿಗೊತ್ತಿದಾಗ ನೆಟ್ಟ ಗೆರೆಗಳು ಸೊರಗುತ್ತವೆ, ಅಡ್ಡಗೆರೆಗಳು ದಪ್ಪನಾಗಿಯೇ ಉಳಿಯುತ್ತವೆ. ಅಕ್ಷರ ದಪ್ಪವೂ ಆಗದೆ, ಕಿರಿದೂ ಆಗದೆ, ಬರಿದೆ ವಿಕಾರವಾಗುತ್ತದೆ.

ಕಿರಿದಾದ ಅಕ್ಷರವನ್ನು ಕಿರಿದಾಗಿಯೇ ಹುಟ್ಟಿಸಬೇಕು. ಏಕ್ ಟೈಪ್ ಸಂಸ್ಥೆಯವರು ೨೦೨೨ರಲ್ಲಿ ಹೊರತಂದ ‘ಅನೇಕ್’ ಅಕ್ಷರಕುಟುಂಬದ ಕನ್ನಡ ರೂಪದಲ್ಲಿ ಈ ಪ್ರಯತ್ನವಿದೆ. ಅದಕ್ಕೆ ಕ್ಲಾರೆಂಡನ್ನಿನ ಪಾದಗಳಿಲ್ಲ. ಆದರೆ ಸಣ್ಣದರಿಂದ ದಪ್ಪದವರೆಗೆ, ಇಕ್ಕಟ್ಟಿನಿಂದ ವಿಸ್ತಾರದವರೆಗೆ ಎಲ್ಲ ಹಂತಗಳಿಗೂ ಅಕ್ಷರಗಳನ್ನು ವಿನ್ಯಾಸಗೊಳಿಸಲಾಗಿದೆ. ಗೆರೆ ದಪ್ಪವಾದಂತೆ ಒಳಬಯಲನ್ನು ಎಷ್ಟು ಕಾಯಬೇಕೆಂಬ ಲೆಕ್ಕವನ್ನು ಇಲ್ಲಿ ಯಂತ್ರಕ್ಕೆ ಬಿಡದೆ ಕಣ್ಣು ಮಾಡುತ್ತದೆ.

ಮುಸ್ಸಂಜೆಯಲ್ಲಿ ಧೂಳೆಬ್ಬಿಸುತ್ತ ಬರುವ ಬಸ್ಸಿಗೆ ಕೈಯೊಡ್ಡಿ ನಿಂತ ಮುದುಕಿಗೆ, ಅಕ್ಷರ ಕಲಿತು ಇನ್ನೂ ವರ್ಷ ತುಂಬದ ಹುಡುಗನಿಗೆ, ಈ ಲೆಕ್ಕವೆಲ್ಲ ತಿಳಿಯಬೇಕಾಗಿಲ್ಲ. ಬಸ್ಸು ಮುಂದೆ ಸಾಗುವುದರೊಳಗೆ ತಮ್ಮ ಊರಿನ ಹೆಸರು ಕಣ್ಣಿಗೆ ಬಿದ್ದರೆ ಅವರಿಗೆ ಸಾಕು. ಚಚಡಿ ಎಂಬ ಮೂರಕ್ಷರಗಳನ್ನು ಆ ಮಬ್ಬಿನಲ್ಲಿಯೂ ತಪ್ಪಿಲ್ಲದೆ ಓದಿಸಬಲ್ಲ ಮೊಳೆಯೇ ಒಳ್ಳೆಯ ಮೊಳೆ.