ಮದ್ದೂರು ಗೇಟಿನಾಚೆಯ ಒಲೆ

ಸುಲ್ತಾನ್ ಬತ್ತೇರಿಯಿಂದ ಗುಂಡ್ಲುಪೇಟೆಗೆ ಹೋಗುವ ನಮ್ಮ ವ್ಯಾಪಾರಿ ಬಂಧುಗಳಿಗೆ ಮುತ್ತಂಗ, ಮೂಲೆಹೊಳೆ, ಮದ್ದೂರು ಪರಿಚಿತವೇ. ಎಡಬಲಕ್ಕೆ ಕಾಡು. 2009ರಿಂದ ರಾತ್ರಿ ಒಂಬತ್ತಕ್ಕೆ ಗೇಟು ಹಾಕಿದರೆ ತೆರೆಯುವುದು ಬೆಳಗ್ಗೆ ಆರಕ್ಕೆ. ಮಾಲು ತಡವಾಯಿತೆಂದು ಗೊಣಗಿದವರಲ್ಲಿ ನಾನೂ ಒಬ್ಬ.

ಕಳೆದ ತಿಂಗಳು ಕಾಡಂಚಿನ ಹಳ್ಳಿಯಲ್ಲಿರುವ ತಂಗಿಯ ಮನೆಗೆ ಹೋಗಿದ್ದೆ. ಮದ್ದೂರು ದಾಟಿದ ಮೇಲೆ ಸೌದೆ ಹೊರೆ ಹೊತ್ತ ಮೂವರು ಹೆಂಗಸರು ಎದುರಾದರು. ಲಂಟಾನ ಪೊದೆಯ ಹಿಂದೆ ಆನೆ ನಿಂತಿದ್ದರೆ ಹತ್ತು ಮಾರು ಹತ್ತಿರ ಹೋಗುವತನಕ ಕಾಣದು. ಒಣಸೌದೆ ಮುಗಿದರೆ ಹಸಿ ಕೊಂಬೆಗೆ ಕತ್ತಿ ಬೀಳುತ್ತದೆ. ಜಿಂಕೆಗೆ ಮೇವೂ ಹೋಯಿತು, ನೆರಳೂ ಹೋಯಿತು.

ತಂಗಿಯ ಮನೆಯಲ್ಲಿರುವುದು ಅಸ್ತ್ರ ಒಲೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ 'ಅಸ್ತ್ರ' ಕೇಂದ್ರದವರು ರೂಪಿಸಿದ್ದು. ಸೌದೆಯ ಗೂಡಿನ ಬಾಯಿ ಮುಚ್ಚಿರುತ್ತದೆ. ಕಬ್ಬಿಣದ ಜಾಲರಿಯ ಕೆಳಗಿನಿಂದ ಗಾಳಿ ಬರುವುದರಿಂದ ಸೌದೆ ಚೆನ್ನಾಗಿ ಉರಿಯುತ್ತದೆ. ಬಿಸಿಯು ಒಂದರ ಹಿಂದೊಂದು ಮೂರು ಪಾತ್ರೆಗಳ ತಳಕ್ಕೆ ತಾಗಿ, ಹೊಗೆ ಕೊಳವೆಯಿಂದ ಸೂರಿನಾಚೆ ಹೋಗುತ್ತದೆ. ಮೂರು ಕಲ್ಲಿನ ಒಲೆಯಲ್ಲಿ ಪಾತ್ರೆಗೆ ಸಿಗುವ ಶಾಖ ನೂರಕ್ಕೆ ಹತ್ತರಷ್ಟು. ಅಂಥ ವ್ಯಾಪಾರ ಯಾರಾದರೂ ಮಾಡುತ್ತಾರೆಯೇ? ಸರಿಯಾಗಿ ಕಟ್ಟಿದ ಅಸ್ತ್ರ ಒಲೆಗೆ ಹೆಚ್ಚುಕಡಿಮೆ ಅರ್ಧ ಸೌದೆ ಸಾಕು.

ಈ ಒಲೆ 1990ರ ಸುಮಾರಿಗೇ ನಮ್ಮ ಮನೆಗೂ ಬರಬೇಕಿತ್ತು. ತಂಗಿ ಎರಡು ಸಲ ಹೇಳಿಕಳುಹಿಸಿದಳು. ಹಳೆಯ ಒಲೆ ಒಡೆದರೆ ನಾಲ್ಕು ದಿನ ಅಡಿಗೆ ನಿಲ್ಲುತ್ತದೆಂದು ನಾನೇ ಮುಂದೂಡಿದೆ. ಅಮ್ಮ ಪ್ರತಿಯೊಂದು ಕೊಳ್ಳಿಯನ್ನೂ ನೆಲಕ್ಕೆ ಕುಟ್ಟಿ, ಇರುವೆ ಹುಳು ಉದುರಿಸಿಯೇ ಒಲೆಗಿಡುತ್ತಿದ್ದರು. ಆ ಹೊಗೆಯಲ್ಲಿ ಅವರು ಕೆಮ್ಮುತ್ತಿದ್ದುದು ಮಾತ್ರ ನನ್ನ ಲೆಕ್ಕಕ್ಕೆ ಬರಲಿಲ್ಲ.

ಒಲೆ ಕಟ್ಟಿದರಷ್ಟೇ ಸಾಲದು. ಕೊಳವೆಯ ಮಸಿ ತೆಗೆಯದಿದ್ದರೆ ಹೊಗೆ ಪುನಃ ಮನೆಯೊಳಗೇ. ಸರ್ಕಾರದ ಸುಧಾರಿತ ಒಲೆ ಯೋಜನೆಯಲ್ಲಿ ಕಟ್ಟಿದ ಎಷ್ಟೋ ಒಲೆಗಳು ರಿಪೇರಿಯಿಲ್ಲದೆ ಹಾಳಾದವು; ಯೋಜನೆಯೇ 2002ರಲ್ಲಿ ನಿಂತಿತು. 2016ರ ಉಜ್ವಲ ಯೋಜನೆಯಿಂದ ಬಡವರ ಮನೆಗೂ ಗ್ಯಾಸ್ ಬಂದಿತು. ಹಾಗಾದರೆ ಆ ಮೂವರು ಕಾಡಿಗೇಕೆ ಹೋಗಿದ್ದರೆಂದು ತಂಗಿಯನ್ನು ಕೇಳಿದೆ.

"ಅನ್ನಕ್ಕೆ ಗ್ಯಾಸ್ ಇದೆ ಅಣ್ಣ. ಸ್ನಾನದ ನೀರನ್ನೂ ಅದರಲ್ಲೇ ಕಾಯಿಸಿದರೆ ಸಿಲಿಂಡರು ಎಷ್ಟು ದಿನ ಬರುತ್ತೆ? ಹಂಡೆ ತಿನ್ನುವಷ್ಟು ಸೌದೆ ಅಡಿಗೆಮನೆ ತಿನ್ನಲ್ಲ," ಎಂದು ಬಚ್ಚಲಿಗೆ ಕರೆದುಕೊಂಡು ಹೋದಳು. ಹಂಡೆಯ ಸುತ್ತ ಬಿಸಿ ತಿರುಗುವಂತೆ ಕಟ್ಟಿ, ಅದಕ್ಕೂ ಕೊಳವೆ ಇಡಿಸಿದ್ದಾಳೆ.

ಕಟ್ಟಿದ ಗಾರೆಯವನ ವಿಳಾಸ ಬರೆದುಕೊಂಡು ಒಂಬತ್ತರೊಳಗೆ ಗೇಟು ದಾಟಿದೆ. ನಮ್ಮ ಕಾಫಿ ತೋಟದ ಕೆಲಸದವರ ಲೈನಿನಲ್ಲಿ ಏಳು ಹಂಡೆಗಳಿವೆ.