ಕಾಯಿಪಲ್ಲೆಯ ಲಾರಿಯಲ್ಲಿ ಕುಮಟೆಗೆ

ಹಗಲಿನಲ್ಲಿ ಮಲಗುವವರನ್ನು ಕುರಿತು ನಮ್ಮ ಜನರಲ್ಲಿ ಒಳ್ಳೆಯ ಅಭಿಪ್ರಾಯವಿಲ್ಲ. ಸೂರ್ಯನು ನೆತ್ತಿಗೆ ಬಂದರೂ ಹಾಸಿಗೆ ಬಿಡದವನ ಮನೆಯಲ್ಲಿ ಲಕ್ಷ್ಮಿಯು ನಿಲ್ಲಳೆಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಹುಬ್ಬಳ್ಳಿಯ ನಮ್ಮ ಓಣಿಯಲ್ಲಿ, ನಮ್ಮ ಮನೆಗೆ ಎದುರಾಗಿ, ಒಬ್ಬ ಲಾರಿ ಚಾಲಕರ ಮನೆಯಿರುವದು. ಆ ಮನೆಯ ಕಿಡಕಿಗೆ ಹಗಲೆಲ್ಲ ಕರಿಯ ಕಂಬಳಿಯು ಇಳಿಬಿದ್ದಿರುವದನ್ನು ಕಂಡು ನಾವು ಮನಸ್ಸಿನಲ್ಲಿ ಆ ಯಜಮಾನನನ್ನು ಹಗುರಾಗಿ ಎಣಿಸಿದ್ದುಂಟು. ಒಮ್ಮೆ ನಮ್ಮ ಮನೆಯವರು ಅಂಗಳದಲ್ಲಿ ಖಾರ ಕುಟ್ಟುತ್ತಿದ್ದಾಗ ಆ ಮನೆಯ ಗೃಹಿಣಿಯು ಬಂದು, “ಸಂಜೀಮುಂದ ಕುಟ್ಟಿದ್ರ ಆಗಂಗಿಲ್ಲೇನ್ರಿ, ಅವ್ವಾರ?” ಎಂದು ಮೆಲ್ಲಗೆ ಕೇಳಿದ್ದಳು. ನಮ್ಮ ಅಂಗಳದಲ್ಲಿ ನಾವು ಖಾರ ಕುಟ್ಟಲು ಇವರ ಅಪ್ಪಣೆ ಬೇಕೆ ಎಂದು ಆಗ ನಮ್ಮಲ್ಲಿ ಅಸಮಾಧಾನವಾದದ್ದೂ ನಿಜ. ಕಳೆದ ಮಾಘಮಾಸದಲ್ಲಿ ಒಂದು ಮಂಗಳವಾರ ರಾತ್ರಿ ಅದೇ ಚಾಲಕರ ಪಕ್ಕದಲ್ಲಿ ಕುಳಿತು ಕುಮಟೆಯವರೆಗೆ ಪ್ರವಾಸ ಮಾಡುವ ಪ್ರಸಂಗವು ನಮಗೆ ಬಂದಿತು. ಕುಮಟೆಯಲ್ಲಿರುವ ಬೀಗರ ಮನೆಗೆ ಬುಧವಾರ ಮುಂಜಾನೆಯೇ ಮುಟ್ಟಬೇಕಾಗಿತ್ತು. ಬಸ್ಸಿನಲ್ಲಿ ಜಾಗ ಸಿಕ್ಕಿರಲಿಲ್ಲ. “ಕ್ಯಾಬಿನ್ನಿನ್ಯಾಗ ಜಾಗಾ ಐತ್ರಿ ಮಾಸ್ತರ್ರ, ಬರ್ರಿ” ಎಂದು ಅವರೇ ಕರೆದರು. ಆ ಒಂದು ಇರುಳಿನಲ್ಲಿ ನಾವು ಕಲಿತದ್ದನ್ನು ವಾಚಕರ ಮುಂದಿಡುವದಕ್ಕಾಗಿ ಈ ಲೇಖನ.

ಅಮರಗೋಳದ ಕೃಷಿ ಮಾರುಕಟ್ಟೆಯ ಅಂಗಳವು ರಾತ್ರಿ ಹನ್ನೊಂದಕ್ಕೆ ಹಗಲಿಗಿಂತ ಹೆಚ್ಚು ಎಚ್ಚರವಾಗಿತ್ತು. ಹಮಾಲರು ಬದನೆ, ಹಸಿಮೆಣಸಿನಕಾಯಿ, ಕೋಸುಗಡ್ಡೆಗಳ ಚೀಲಗಳನ್ನೂ ಟೊಮೆಟೊ ಕ್ರೇಟುಗಳನ್ನೂ ಬೆನ್ನ ಮೇಲೆ ಹೊತ್ತು ತಂದು ಲಾರಿಯಲ್ಲಿ ಒಟ್ಟುತ್ತಿದ್ದರು. ಕ್ಲೀನರ ಹುಡುಗನು ಮೇಲೇರಿ ತಾಡಪತ್ರಿ ಹೊದಿಸಿ ಹಗ್ಗ ಬಿಗಿದನು. ಬುಧವಾರ ಕುಮಟೆಯ ಸಂತೆ. ಕರಾವಳಿಯವರ ಮನೆಯ ಹುಳಿಗೆ ಬೇಕಾಗುವ ಕಾಯಿಪಲ್ಲೆಯ ಬಹುಭಾಗವು ಘಟ್ಟದ ಮೇಲಿನ ಬಯಲುಸೀಮೆಯಿಂದಲೇ ಇಳಿಯಬೇಕು. ಬೆಳಗಾಗುವ ಮೊದಲೇ ಸರಕು ಮುಟ್ಟಿದರೆ ಅದಕ್ಕೆ ಬೆಲೆ. ಬಿಸಿಲೇರಿದ ಮೇಲೆ ಬಂದ ಸೊಪ್ಪನ್ನು ಕೇಳುವವರಿಲ್ಲ. ಆದುದರಿಂದ ಲೋಕವೆಲ್ಲ ಮಲಗಿರುವ ಹೊತ್ತೇ ಈ ಜನರ ದುಡಿಮೆಯ ಹೊತ್ತು.

ಹುಬ್ಬಳ್ಳಿಯಿಂದ ಕುಮಟೆಗೆ ಈ ದಾರಿಯಿಂದ ಸುಮಾರು 160 ಕಿಲೋಮೀಟರು. ಬೇಡ್ತಿಯ ಹೊಳೆಯು ಧಾರವಾಡ ಜಿಲ್ಲೆಯಲ್ಲಿ ಹುಟ್ಟಿ, ಕಲಘಟಗಿಯ ಸೀಮೆಯನ್ನು ಹಾದು, ಯಲ್ಲಾಪುರದ ಕಾಡಿನಲ್ಲಿ ಮಾಗೋಡಿನ ಬಂಡೆಗಳಿಂದ ಸುಮಾರು 200 ಮೀಟರು ಕೆಳಗೆ ಧುಮುಕಿ, ಮುಂದೆ ಗಂಗಾವಳಿಯೆಂಬ ಹೆಸರನ್ನು ತಾಳಿ ಅಂಕೋಲೆಯ ತಾಲೂಕಿನಲ್ಲಿ ಸಮುದ್ರವನ್ನು ಸೇರುತ್ತದೆ. ಲಾರಿಗಳ ದಾರಿಯೂ ಹೆಚ್ಚು ಕಡಿಮೆ ಇದೇ. ಹೊಳೆಯು ಧುಮುಕುವ ಎತ್ತರವನ್ನು ಲಾರಿಯು ಅರಬೈಲಿನ ಘಟ್ಟದಲ್ಲಿ ತಿರುವು ತಿರುವಾಗಿ ಇಳಿಯಬೇಕು. ಹೊಲಗಳ ಬಯಲು ಕಲಘಟಗಿಯ ಆಚೆಗೆ ಮುಗಿಯಿತು. ತೇಗದ ಮರಗಳು ದೀಪದ ಬೆಳಕಿನಲ್ಲಿ ಸಾಲುಗಟ್ಟಿ ಬಂದು ಹಿಂದೆ ಸರಿಯತೊಡಗಿದವು. ತಣ್ಣನೆಯ ಗಾಳಿ, ಯಂತ್ರದ ಒಂದೇ ಸಮನೆಯ ನಾದ, ಕಣ್ಣ ಮುಂದೆ ಒಂದೇ ಬಿಳಿಯ ಗೆರೆ. ಒಂದು ಗಂಟೆ ಹೊಡೆಯುವಷ್ಟರಲ್ಲಿ ನಮ್ಮ ತಲೆಯು ಎರಡು ಸಲ ಎದೆಗೆ ಬಿದ್ದಿತು. ನಾವು ನಾಚಿ ನೆಟ್ಟಗೆ ಕುಳಿತೆವು. ಚಾಲಕರು ನಕ್ಕರು.

“ಮಲಗ್ರಿ ಮಾಸ್ತರ್ರ, ನಿಮಗೇನು ಅಡ್ಡಿ ಇಲ್ಲ. ಆದರ ಒಂದು ಮಾತು ಹೇಳತೀನಿ. ಕಣ್ಣು ಮುಚ್ಚಿದ ಮ್ಯಾಲೆ ನಿದ್ದಿ ಬರತೈತಿ ಅಂತ ಮಂದಿ ತಿಳದಾರ. ಅದು ಕಣ್ಣು ತೆರದಿದ್ದಾಗನ ಬರತೈತ್ರಿ.”

ಹೀಗೆಂದು ಅವರು ತಮ್ಮ ಹಳೆಯ ಅನುಭವವನ್ನು ಹೇಳಿದರು. 2010ರಲ್ಲಿ ರಾಜ್ಯ ಸರಕಾರವು ಅದಿರಿನ ರಫ್ತನ್ನು ನಿಲ್ಲಿಸುವ ಮೊದಲು ಹೊಸಪೇಟೆಯ ಕಡೆಯ ಕಬ್ಬಿಣದ ಅದಿರು ಇದೇ ದಾರಿಯಿಂದ ಬೇಲೆಕೇರಿ ಬಂದರಿಗೆ ಹೋಗುತ್ತಿತ್ತು. ಅವರು ಆಗ ಹರೆಯದವರು. ಫೇರಿಗೆ ಇಷ್ಟೆಂದು ಸಂಬಳ. ಹೆಚ್ಚು ಫೇರಿ ಹೊಡೆದಷ್ಟು ಹೆಚ್ಚು ಹಣ. ಎರಡು ರಾತ್ರಿ ಸರಿಯಾಗಿ ಮಲಗದೆ ಮೂರನೆಯ ರಾತ್ರಿ ಗಾಡಿ ಹೊಡೆಯುತ್ತ ಯಲ್ಲಾಪುರದ ದೀಪಗಳನ್ನು ಕಂಡರಂತೆ. ಯಲ್ಲಾಪುರಕ್ಕಿಂತ ಮೊದಲು ಕಿರವತ್ತಿ ಬರಬೇಕು. ಕಿರವತ್ತಿಯು ಬಂದದ್ದೂ ತಿಳಿಯದು, ಹೋದದ್ದೂ ತಿಳಿಯದು. “ಒಂದು ಊರಿಗೆ ಊರ ಕಳಕೊಂಡಿದ್ದೆ ನೋಡ್ರಿ. ಅಲ್ಲಿ ಯಾವನಾರ ರಸ್ತೆ ದಾಟಿದ್ದನೋ, ಕೂಸು ನಿಂತಿತ್ತೋ, ದೇವರಿಗೇ ಗೊತ್ತು. ಅವತ್ತು ಗಾಡಿ ಬದಿಗೆ ಹಚ್ಚಿ ಅತ್ತೀನ್ರಿ.” ಇಷ್ಟು ಹೇಳಿ ಅವರು ಸುಮ್ಮನಾದರು. ನಮ್ಮ ನಿದ್ದೆಯು ಹಾರಿಹೋಯಿತು.

ಶರೀರಶಾಸ್ತ್ರಜ್ಞರು ಹೇಳುವ ಮಾತೂ ಇದೇ. ಸಾಕಷ್ಟು ನಿದ್ರೆಯಿಲ್ಲದ ಮಿದುಳು ಎರಡು, ಮೂರು, ನಾಲ್ಕು ಸೆಕೆಂಡುಗಳ ಕಾಲ ತಾನಾಗಿ ಮಲಗಿ ಏಳುವದು. ಮಲಗಿದವನಿಗೆ ಅದು ತಿಳಿಯುವದೇ ಇಲ್ಲ. ಗಂಟೆಗೆ 60 ಕಿಲೋಮೀಟರು ವೇಗದ ಲಾರಿಯು ನಾಲ್ಕು ಸೆಕೆಂಡುಗಳಲ್ಲಿ ಸುಮಾರು 67 ಮೀಟರು ಮುಂದೆ ಹೋಗಿರುವದು. ನಮ್ಮ ದೇಹದಲ್ಲಿ ಹಗಲು-ಇರುಳಿನ ಲೆಕ್ಕವನ್ನಿಡುವ ಗಡಿಯಾರವೊಂದಿದೆ. ಅದರ ಒಳಗುಟ್ಟನ್ನು ಬಿಡಿಸಿದ ಹಾಲ್, ರಾಸ್‌ಬಾಶ್, ಯಂಗ್ ಎಂಬ ಮೂವರು ಅಮೇರಿಕನ್ ವಿಜ್ಞಾನಿಗಳಿಗೆ 2017ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು. ಆ ಗಡಿಯಾರದ ಪ್ರಕಾರ ರಾತ್ರಿ ಎರಡರಿಂದ ಬೆಳಗಿನ ಆರರವರೆಗೆ ಮನುಷ್ಯನ ಎಚ್ಚರವು ತೀರ ಕೆಳಗಿಳಿಯುತ್ತದೆ. ಮೈಯ ಬಿಸಿಯೂ ಆಗಲೇ ಕಡಿಮೆ. ಹನ್ನೆರಡಕ್ಕೆ ಹುಬ್ಬಳ್ಳಿಯನ್ನು ಬಿಟ್ಟ ಲಾರಿಯು ಘಟ್ಟದ ತಲೆಗೆ ಬರುವದು ಸರಿಯಾಗಿ ಮೂರರ ಮೇಲೆ. ದಾರಿಯ ಅತ್ಯಂತ ಕಠಿಣವಾದ ಭಾಗವೂ ದೇಹದ ಅತ್ಯಂತ ದುರ್ಬಲವಾದ ಹೊತ್ತೂ ಹೀಗೆ ಒಂದೇ ಕಡೆ ಬಂದು ಕೂಡುತ್ತವೆ. ಇದು ಚಾಲಕನ ಸೋಮಾರಿತನವಲ್ಲ, ಮನಸ್ಸಿನ ದೌರ್ಬಲ್ಯವೂ ಅಲ್ಲ. ಹಸಿವನ್ನು ಗದರಿಸಿ ಓಡಿಸಲಾಗದಂತೆ ನಿದ್ರೆಯನ್ನೂ ಗದರಿಸಿ ಓಡಿಸಲಾಗದು.

ಯಲ್ಲಾಪುರವನ್ನು ದಾಟಿದ ಮೇಲೆ, ದೀಪಗಳು ಉರಿಯುತ್ತಿದ್ದ ಒಂದು ಪೆಟ್ರೋಲ್ ಬಂಕಿನ ಅಂಗಳಕ್ಕೆ ಲಾರಿಯು ತಿರುಗಿ ನಿಂತಿತು.

“ಯಾಕಪಾ, ಗಾಡಿ ಕೆಟ್ಟತೇನು?” ಎಂದು ಕೇಳಿದೆವು.

“ಗಾಡಿ ಛಲೋ ಐತ್ರಿ. ಕೆಟ್ಟಾಂವ ನಾನು. ಇಪ್ಪತ್ತು ಮಿನೀಟು ಮಲಗತೀನ್ರಿ.”

ನಮಗೆ ಬೀಗರ ಮನೆಯ ಅವಸರ. “ಇನ್ನ ಎರಡು-ಮೂರು ತಾಸಿನ್ಯಾಗ ಊರು ಬರತದಲ್ಲಾ. ಅಲ್ಲೇ ಹೋಗಿ ನಿಶ್ಚಿಂತಿಲೆ ಮಲಗಬಹುದಲ್ಲಾ?” ಎಂದುಬಿಟ್ಟೆವು.

“ಊರು ಅಲ್ಲೇ ಇರತೈತ್ರಿ ಮಾಸ್ತರ್ರ, ಓಡಿ ಹೋಗಂಗಿಲ್ಲ. ಘಟ್ಟನೂ ಅಲ್ಲೇ ಇರತೈತಿ. ನಾವು ಇರಬೇಕಲ್ರಿ.”

ಅಷ್ಟರಲ್ಲಿ ಅವರ ಫೋನು ಸದ್ದು ಮಾಡಿತು. ಸರಕಿನ ವ್ಯಾಪಾರಿ. ಎಲ್ಲಿದ್ದೀರಿ, ಏಕೆ ನಿಂತಿರಿ, ಆರರೊಳಗೆ ಮುಟ್ಟದಿದ್ದರೆ ಬಾಡಿಗೆಯಲ್ಲಿ ಮುರಿದುಕೊಳ್ಳುವೆನೆಂಬ ಮಾತುಗಳು ನಮಗೂ ಕೇಳಿಸಿದವು. ಚಾಲಕರು ವಾದಿಸಲಿಲ್ಲ. “ಹೂನ್ರಿ ಸಾವಕಾರ್ರ” ಎಂದು ಫೋನನ್ನು ಹುಡುಗನ ಕೈಗೆ ಕೊಟ್ಟರು. ಹೋದ ತಿಂಗಳಲ್ಲಿ ಎರಡು ಸಲ ಐನೂರು ಐನೂರು ರೂಪಾಯಿಗಳನ್ನು ಹೀಗೆ ಮುರಿದಿದ್ದರೆಂದು ಹುಡುಗನು ನಮಗೆ ಆಮೇಲೆ ಹೇಳಿದನು. ಅದೇ ಸಾವಕಾರರ ಮಾತನ್ನು ನಾವೂ ಬೇರೆ ಶಬ್ದಗಳಲ್ಲಿ ಆಡಿದ್ದೆವೆಂಬುದು ಹೊಳೆದಾಗ ನಮಗೆ ನಾಚಿಕೆಯಾಯಿತು.

ಮಲಗುವ ಮೊದಲು ಅವರು ಎರಡು ಲೋಟ ಗಟ್ಟಿ ಚಹಾ ಕುಡಿದರು. ಚಹಾ ಕುಡಿದು ಮಲಗುವವರನ್ನು ನಾವು ಕಂಡದ್ದು ಅದೇ ಮೊದಲು. ಆದರೆ ಇದರಲ್ಲಿ ಯುಕ್ತಿಯಿದೆ. ಚಹಾ-ಕಾಫಿಗಳ ಸತ್ವವು ರಕ್ತಕ್ಕಿಳಿದು ಕೆಲಸ ಮಾಡಲು ಇಪ್ಪತ್ತು-ಮೂವತ್ತು ನಿಮಿಷ ಬೇಕು. ಆ ಅವಧಿಯನ್ನು ನಿದ್ರೆಯಲ್ಲಿ ಕಳೆದರೆ ಎದ್ದಾಗ ಎರಡರ ಲಾಭವೂ ಕೂಡಿ ಬರುವದು. ಹೆಚ್ಚು ಹೊತ್ತು ಮಲಗಿದರೆ ನಿದ್ರೆಯು ಆಳಕ್ಕಿಳಿದು, ಎದ್ದ ಮೇಲೆ ಮಬ್ಬು ಬಿಡಲೊಲ್ಲದು. ಮುಖಕ್ಕೆ ತಣ್ಣೀರು, ಬಾಯಲ್ಲಿ ಎಲೆಯಡಿಕೆ, ಕಿಡಕಿಯ ಗಾಳಿ, ದೊಡ್ಡ ದನಿಯ ಹಾಡು ಇವೆಲ್ಲ ಕೆಲ ನಿಮಿಷಗಳ ಆಟ. ನಿದ್ರೆಯ ಸಾಲವನ್ನು ನಿದ್ರೆಯಿಂದಲೇ ತೀರಿಸಬೇಕು. ಹಸಿವು ರುಚಿಯನ್ನರಿಯದು, ನಿದ್ದೆಯು ಹಾಸಿಗೆಯನ್ನರಿಯದು ಎಂಬ ಗಾದೆಯಂತೆ ಅವರು ಸೀಟಿನ ಮೇಲೆ ಮುದುಡಿ ಮಲಗಿದ ಕ್ಷಣದಲ್ಲಿಯೇ ಗೊರಕೆ ಕೇಳಿಸಿತು. ಫೋನಿನ ಗಂಟೆಯು ಎಬ್ಬಿಸಿದಾಗ ಎದ್ದವರು ಕೂಡಲೆ ಗಾಡಿ ಹೂಡಲಿಲ್ಲ. ಇಳಿದು ಮುಖ ತೊಳೆದು, ಲಾರಿಯ ಸುತ್ತ ನಡೆದು, ಗಾಲಿಗಳನ್ನು ಕೋಲಿನಿಂದ ತಟ್ಟಿ ನೋಡಿ, ಹತ್ತು ನಿಮಿಷಗಳ ಮೇಲೆ ಕೈಗೆ ಚಕ್ರ ಹಿಡಿದರು.

ಅರಬೈಲಿನ ಘಟ್ಟವನ್ನು ನಾವು ಇಳಿದದ್ದು ಸಣ್ಣ ಗೇರಿನಲ್ಲಿ, ಎತ್ತಿನ ಗಾಡಿಯಂತೆ. ಒಂದು ಬದಿಗೆ ಗೋಡೆಯಂಥ ಗುಡ್ಡ, ಇನ್ನೊಂದು ಬದಿಗೆ ಕತ್ತಲೆ. ಆ ಕತ್ತಲೆಯ ಆಳವನ್ನು ನಾವು ನೋಡಲಿಲ್ಲ, ಕೇಳಲೂ ಇಲ್ಲ. ಕೆಳಗೆ ಗುಳ್ಳಾಪುರದ ಸಮೀಪಕ್ಕೆ ಬಂದಾಗ ಚಾಲಕರು ಒಂದು ಕ್ಷಣ ಹಣೆ ಮುಟ್ಟಿಕೊಂಡರು. 2025ರ ಜನವರಿ 22ರ ನಸುಕಿನಲ್ಲಿ ಸವಣೂರಿನಿಂದ ಕುಮಟೆಯ ಇದೇ ಬುಧವಾರದ ಸಂತೆಗೆ ಹೊರಟ ಕಾಯಿಪಲ್ಲೆಯ ಲಾರಿಯೊಂದು ಅಲ್ಲಿ ಕಣಿವೆಗೆ ಉರುಳಿ, ಸರಕಿನ ಜೊತೆಗೆ ಕುಳಿತಿದ್ದ ವ್ಯಾಪಾರಿಗಳಲ್ಲಿ 10 ಜನರು ತೀರಿಕೊಂಡರು. ಅದಕ್ಕೆ ನಿದ್ರೆಯೇ ಕಾರಣವೆಂದು ನಾವು ಹೇಳುತ್ತಿಲ್ಲ. ಎದುರಿನ ವಾಹನಕ್ಕೆ ದಾರಿ ಬಿಡಲು ಹೋಗಿ ಹಾಗಾಯಿತೆಂದು ಆಗ ವರದಿಯಾಗಿತ್ತು. ಆದರೆ ಅದೇ ದಾರಿ, ಅದೇ ಹೊತ್ತು, ಅದೇ ಸಂತೆ. ಅಂಥ ಕಡೆಯಲ್ಲಿ ಅರ್ಧ ಕ್ಷಣದ ಎಚ್ಚರಕ್ಕೂ ಎಷ್ಟು ಬೆಲೆಯಿದೆಯೆಂಬುದನ್ನು ಯಾರೂ ವಿವರಿಸಬೇಕಾಗಿಲ್ಲ.

ಬಾಳೆಗುಳಿಯಲ್ಲಿ ಕರಾವಳಿಯ ಹೆದ್ದಾರಿಯನ್ನು ಸೇರಿ ದಕ್ಷಿಣಕ್ಕೆ ತಿರುಗಿದಾಗ ಗಾಳಿಯಲ್ಲಿ ಉಪ್ಪಿನ ವಾಸನೆ ಬಂದಿತು. ಶಿರೂರಿನ ಗುಡ್ಡವು ಬೂದುಬೆಳಕಿನಲ್ಲಿ ಕಾಣಿಸಿತು. ಗಂಗಾವಳಿಯ ದಡದ ಈ ಸ್ಥಳದಲ್ಲಿ ಒಂದು ಚಹದಂಗಡಿಯಿತ್ತು. ಲಾರಿಯವರು ನಿಂತು ದಣಿವಾರಿಸಿಕೊಳ್ಳುತ್ತಿದ್ದರು. 2024ರ ಜುಲೈ 16ರ ಮುಂಜಾನೆ ಗುಡ್ಡವು ಕುಸಿದು, ಅಂಗಡಿಯನ್ನೂ ಅಲ್ಲಿದ್ದ ಜನರನ್ನೂ ಮರದ ದಿಮ್ಮಿ ಹೊತ್ತ ಒಂದು ಲಾರಿಯನ್ನೂ ಕೆಡವಿಹಾಕಿತು. ಆ ಲಾರಿಯೂ ಅದರ ಚಾಲಕನ ದೇಹವೂ ಹೊಳೆಯ ತಳದಲ್ಲಿ ಸಿಕ್ಕಿದ್ದು ಎರಡು ತಿಂಗಳುಗಳ ಮೇಲೆ. ಮಲಗಿರಿ ಎಂದು ಚಾಲಕರಿಗೆ ಬುದ್ಧಿ ಹೇಳುವದು ಸುಲಭ. ಎಲ್ಲಿ ಮಲಗಬೇಕೆಂಬುದನ್ನೂ ಹೇಳಬೇಕಷ್ಟೆ. ಗಟ್ಟಿ ನೆಲ, ಬೆಳಕು, ನೀರು, ಕಳ್ಳರ ಭಯವಿಲ್ಲದ ಅಂಗಳ ಇವಿಷ್ಟು ಹೆದ್ದಾರಿಯುದ್ದಕ್ಕೂ ಅಲ್ಲಲ್ಲಿ ಸಿಕ್ಕರೆ ಅದೇ ದೊಡ್ಡ ಧರ್ಮಛತ್ರ.

ಕಾಯಿದೆಗಳು ಇಲ್ಲದೆ ಇಲ್ಲ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆಯೇ ದಿನಕ್ಕೆ ಎಂಟು ತಾಸು ಕೆಲಸ, ಐದು ತಾಸಿಗೊಮ್ಮೆ ಅರ್ಧ ತಾಸು ವಿಶ್ರಾಂತಿ ಎಂದು ವಿಧಿಸಿತ್ತು. ಹೊಸದಾಗಿ ತಯಾರಾಗುವ ದೊಡ್ಡ ಲಾರಿಗಳ ಕ್ಯಾಬಿನ್ನಿಗೆ ತಂಪಿನ ಯಂತ್ರವು ಕಡ್ಡಾಯವಾಗಿದೆ. ಇವು ಒಳ್ಳೆಯ ಮಾತುಗಳೇ. ಆದರೆ ಒಂದು ಸಂಗತಿಯನ್ನು ವಾಚಕರು ವಿಚಾರಿಸಿ ನೋಡಲಿ. 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಮಿಗಿಂತ ಹೆಚ್ಚು ಮದ್ಯವಿದ್ದವನು ವಾಹನ ನಡೆಸುವದು ನಮ್ಮಲ್ಲಿ ಅಪರಾಧ. ಹದಿನೇಳು ತಾಸು ಮಲಗದೆ ಇದ್ದವನ ಕೈಚಳಕವು 50 ಮಿಲಿಗ್ರಾಮು ಮದ್ಯವಿದ್ದವನಷ್ಟೇ ಕುಂದುವದೆಂದು 1997ರಲ್ಲಿ ಪ್ರಕಟವಾದ ಒಂದು ಪ್ರಯೋಗವು ತೋರಿಸಿತು. ಕುಡಿದವನನ್ನು ಉಸಿರಿನಿಂದ ಹಿಡಿಯಬಹುದು. ನಿದ್ದೆಗೆಟ್ಟವನ ಉಸಿರಿಗೆ ವಾಸನೆಯಿಲ್ಲ. ಅವನನ್ನು ನಿಲ್ಲಿಸಬೇಕಾದವರು ಪೊಲೀಸರಿಗಿಂತ ಮೊದಲು ಅವನೂ ಅವನ ಮನೆಯವರೂ.

ಕುಮಟೆಯ ಪೇಟೆಯಲ್ಲಿ ಲಾರಿಯು ನಿಂತಾಗ ಆರೂಕಾಲು. ಕಾಯಿಪಲ್ಲೆ ಮಾರಾಟವಾಯಿತು, ಬಾಡಿಗೆಯಲ್ಲಿ ಮುರಿತವೂ ಆಯಿತು. ಅಷ್ಟರಲ್ಲಿ ಚಾಲಕರ ಮನೆಯಿಂದ ಫೋನು ಬಂದಿತು. ಮುಟ್ಟಿದಿರಾ ಎಂದು ಆಕೆಯು ಕೇಳಲಿಲ್ಲ. “ಎಲ್ಲಿ ಮಲಗಿದ್ದ್ರಿ?” ಎಂದು ಕೇಳಿದಳು. ಕಿರವತ್ತಿಯ ಪ್ರಸಂಗದ ಮೇಲೆ ಪ್ರತಿದಿನ ಬೆಳಿಗ್ಗೆ ಕೇಳುವ ಪ್ರಶ್ನೆಯು ಇದೇ ಅಂತೆ. ಯಲ್ಲಾಪುರದಾಚೆ ಎಂಬ ಉತ್ತರವು ಹೋದ ಮೇಲೆ ಆಕೆಯು ಒಲೆ ಹೊತ್ತಿಸುವಳು. ಆಕೆಗೆ ಮುರಿದ ಐನೂರು ರೂಪಾಯಿಯ ಲೆಕ್ಕ ತಿಳಿಯದೆ ಇಲ್ಲ. ತಿಂಗಳ ಕೊನೆಗೆ ಕಿರಾಣಿ ಅಂಗಡಿಯವನ ಮುಂದೆ ನಿಲ್ಲುವವಳು ಅವಳೇ.

ನಾವು ಎರಡು ದಿನ ಬಿಟ್ಟು ಹಿಂದಿರುಗಿದೆವು. ಮಧ್ಯಾಹ್ನದ ಹೊತ್ತು, ಎದುರು ಮನೆಯ ಕಿಡಕಿಗೆ ಕರಿಯ ಕಂಬಳಿಯು ಇಳಿಬಿದ್ದಿತ್ತು. ಬೆಳಕು ಕಣ್ಣಿಗೆ ಬಿದ್ದರೆ ದೇಹದ ಗಡಿಯಾರವು ಹಗಲಾಯಿತೆಂದು ಎಚ್ಚರಿಸುವದರಿಂದ, ರಾತ್ರಿ ದುಡಿಯುವವನಿಗೆ ಕತ್ತಲೆಯ ಕೋಣೆಯು ಔಷಧಕ್ಕೆ ಸಮ. ಆ ಹೆಣ್ಣುಮಗಳು ಯಾವ ಗ್ರಂಥವನ್ನೂ ಓದದೆ ಅದನ್ನು ಕಂಡುಕೊಂಡಿದ್ದಳು. ಕಂಬಳಿಯ ಕೆಳಗೆ, ಗೋಡೆಗೆ ಗೆರೆ ಕೊರೆದು ನಮ್ಮ ಮೊಮ್ಮಕ್ಕಳು ಕ್ರಿಕೆಟ್ ಆಡುತ್ತಿದ್ದರು. ನಾವು ಅವರನ್ನು ಕರೆದು, ಓಣಿಯ ತುದಿಯ ಗುಡಿಯ ಬಯಲಿಗೆ ಕಳಿಸಿದೆವು. ನಮ್ಮ ಮನೆಯಲ್ಲಿ ಈಗ ಖಾರ ಕುಟ್ಟುವದು ಸಂಜೆಯ ಮೇಲೆ.

ವಾಚಕರ ಓಣಿಯಲ್ಲಿಯೂ ಇಂಥದೊಂದು ಮುಚ್ಚಿದ ಕಿಡಕಿ ಇದ್ದೀತು. ಹಾಲು, ಹೂವು, ಕಾಯಿಪಲ್ಲೆ, ವೃತ್ತಪತ್ರಿಕೆ ಇವು ನಾವು ಏಳುವ ಮೊದಲೇ ಬಾಗಿಲಿಗೆ ಬಂದಿರುತ್ತವೆ. ಅವನ್ನು ತಂದವರು ನಾವು ಏಳುವ ಹೊತ್ತಿಗೆ ಮಲಗಬೇಕು. ಅವರಿಗೆ ನಾವು ಹೆಚ್ಚೇನನ್ನೂ ಕೊಡಬೇಕಾಗಿಲ್ಲ; ಹಗಲಿನಲ್ಲಿ ನಾಲ್ಕು ತಾಸು ಸದ್ದಿಲ್ಲದ ಓಣಿಯನ್ನು ಕೊಟ್ಟರೆ ಸಾಕು.